ಕಾರಿಲ್ಲದೆ ಟಸ್ಕನಿಯ ಬೆಟ್ಟದೂರುಗಳು, ವೈನ್ ನೆಲಮಾಳಿಗೆಗಳು: ಒಂದು ದಿನಕ್ಕೆ ಯಾವುದನ್ನು ಆರಿಸಬೇಕು?

ಇಟಲಿಯ ಟಸ್ಕನಿ ಪ್ರಾಂತ್ಯದ ಫ್ಲಾರೆನ್ಸಿನಲ್ಲಿ ಕೆಲವು ದಿನ ತಂಗಿ, ಅದರಲ್ಲಿ ಒಂದು ದಿನವನ್ನು ಬೆಟ್ಟದ ಮೇಲಿನ ಹಳೆಯ ಊರಿಗೂ ಅದರ ಸುತ್ತಲಿನ ವೈನಿಗೂ ಎತ್ತಿಡಬೇಕೆಂದಿರುವವರು ಮೊದಲು ಕೇಳುವ ಪ್ರಶ್ನೆ, ಕಾರು ಬಾಡಿಗೆಗೆ ಹಿಡಿಯಲೇಬೇಕೇ ಎಂಬುದು. ಬೇಕಿಲ್ಲ; ಆದರೆ ಕಾರಿಲ್ಲದೆ ಹೋಗುವವರಿಗೆ ಎಲ್ಲ ಊರುಗಳೂ ಸಮಾನವಾಗಿ ಒದಗುವುದಿಲ್ಲ. ಪ್ರವಾಸದ ಚಿತ್ರಗಳಲ್ಲಿ ಚೆಂದ ಕಾಣುವ ಊರಿಗೂ, ರೈಲು ಮತ್ತು ಬಸ್ಸನ್ನು ನಂಬಿ ಬೆಳಿಗ್ಗೆ ಹೊರಟು ರಾತ್ರಿಯ ಊಟಕ್ಕೆ ಮರಳಬಹುದಾದ ಊರಿಗೂ ಇರುವ ಅಂತರವನ್ನು ಮೊದಲೇ ಅಳೆದುಕೊಂಡರೆ ಅರ್ಧ ಯೋಜನೆ ಮುಗಿದಂತೆಯೇ.

ಕಾರನ್ನು ಬಿಡಲು ಕಾರಣಗಳೇನೂ ಕಡಿಮೆಯಿಲ್ಲ. ಹಳೆಯ ಊರುಗಳ ಒಳಭಾಗವು ಜೆಡ್‌ಟಿಎಲ್ ಎಂಬ ನಿರ್ಬಂಧಿತ ಸಂಚಾರ ವಲಯವಾಗಿದ್ದು, ಅರಿಯದೆ ಒಳಹೊಕ್ಕ ಕಾರಿನ ಸಂಖ್ಯೆಯನ್ನು ಕ್ಯಾಮೆರಾ ಹಿಡಿಯುತ್ತದೆ, ಪ್ರವಾಸ ಮುಗಿದು ಎಷ್ಟೋ ದಿನಗಳಾದ ಮೇಲೆ ದಂಡದ ಪತ್ರ ಮನೆಗೆ ಬರುತ್ತದೆ. ರಸ್ತೆಯ ಬಲಬದಿಯಲ್ಲಿ ಓಡಿಸುವ ಅಭ್ಯಾಸ ನಮಗಿಲ್ಲ, ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಿಂದಲೇ ಮಾಡಿಸಿಕೊಂಡು ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಟಲಿಯಲ್ಲಿ ಚಾಲಕನ ರಕ್ತದಲ್ಲಿ ಒಂದು ಲೀಟರಿಗೆ 0.5 ಗ್ರಾಂ ಮದ್ಯಾಂಶದ ಮಿತಿಯಿರುವುದರಿಂದ, ವೈನಿಗಾಗಿಯೇ ಹೊರಟ ಬಳಗದಲ್ಲಿ ಒಬ್ಬರು ದಿನವಿಡೀ ಲೋಟದ ವಾಸನೆಯನ್ನಷ್ಟೇ ನೋಡಿಕೊಂಡು ಕೂರಬೇಕಾಗುತ್ತದೆ. ಆ ಒಬ್ಬರು ಯಾರಾಗಬೇಕು ಎಂಬ ಚರ್ಚೆಯೇ ಕೆಲವು ಕುಟುಂಬಗಳಲ್ಲಿ ಬಾಡಿಗೆಗಿಂತ ದುಬಾರಿ.

ನಿಲ್ದಾಣದ ಹೆಸರನ್ನು ನಂಬಬಾರದು

ಈ ಊರುಗಳು ಬೆಟ್ಟ ಹತ್ತಿ ಕುಳಿತದ್ದು ರಕ್ಷಣೆಗಾಗಿ; ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ರೈಲು ಮಾರ್ಗ ಹಿಡಿದದ್ದು ಕಣಿವೆಯ ಸಮತಟ್ಟನ್ನು. ಇವೆರಡರ ನಡುವೆ ಉಳಿದ ಏರುದಾರಿಯೇ ಕಾರಿಲ್ಲದ ಪ್ರಯಾಣಿಕನ ನಿಜವಾದ ಸಮಸ್ಯೆ. ನೆಟ್ಟಣದಲ್ಲಿರುವ ‘ಸುಬ್ರಹ್ಮಣ್ಯ ರೋಡ್’ ನಿಲ್ದಾಣದಲ್ಲಿ ಇಳಿದು ಕುಕ್ಕೆಗೆ ಇನ್ನೊಂದು ವಾಹನ ಹತ್ತಿದವರಿಗೆ ಇದು ಹೊಸದಲ್ಲ. ನಮ್ಮ ರೈಲ್ವೆ ‘ರೋಡ್’ ಎಂಬ ಪದ ಸೇರಿಸಿ ಎಚ್ಚರಿಸುತ್ತದೆ, ಇಟಲಿಯವರು ಎರಡು ಊರುಗಳ ಹೆಸರನ್ನು ಒಂದು ಸಣ್ಣ ಗೆರೆಯಿಂದ ಜೋಡಿಸಿ ಸುಮ್ಮನಾಗುತ್ತಾರೆ. ‘ಪೊಜ್ಜಿಬೊನ್ಸಿ–ಸಾನ್ ಜಿಮಿನ್ಯಾನೊ’ ಎಂಬ ನಿಲ್ದಾಣ ಇರುವುದು ಪೊಜ್ಜಿಬೊನ್ಸಿಯಲ್ಲಿ; ಸಾನ್ ಜಿಮಿನ್ಯಾನೊ ಅಲ್ಲಿಂದ ಹತ್ತು ಕಿಲೋಮೀಟರಿಗೂ ಮಿಕ್ಕಿದ ದೂರದ ಬೆಟ್ಟದ ಮೇಲಿದೆ. ‘ಕಮೂಚಾ–ಕೊರ್ಟೋನಾ’ದಲ್ಲಿ ಇಳಿದವರು ತಲೆಯೆತ್ತಿದರೆ ಕೊರ್ಟೋನಾ ಕಾಣುತ್ತದೆ, ಆದರೆ ಅಲ್ಲಿಗೆ ಬಸ್ಸು ಹತ್ತಬೇಕು. ಎಲ್ಲಕ್ಕಿಂತ ಮೋಸದ್ದು ಮೊಂಟೆಪುಲ್ಚಾನೊ: ಆ ಹೆಸರಿನದೇ ಒಂದು ಪುಟ್ಟ ರೈಲು ನಿಲ್ದಾಣವಿದೆ, ಟಿಕೆಟ್ಟೂ ಸಿಗುತ್ತದೆ, ಆದರೆ ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಬಯಲಿನಲ್ಲಿ ನಿಲ್ಲುವ ರೈಲುಗಳೇ ಕಡಿಮೆ. ಮೊಂಟೆಪುಲ್ಚಾನೊಗೆ ಹೋಗುವವರು ಇಳಿಯಬೇಕಾದದ್ದು ಕಿಯೂಸಿಯಲ್ಲಿ.

ಆದ್ದರಿಂದ ಊರನ್ನು ಆರಿಸುವಾಗ ಅದರ ಸೌಂದರ್ಯಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಬಸ್ಸೋ ರೈಲೋ ನಮ್ಮನ್ನು ಇಳಿಸುವ ಜಾಗದಿಂದ ವೈನಿನ ನೆಲಮಾಳಿಗೆಗೆ ನಡೆದು ಹೋಗಬಹುದೇ? ಮರಳುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಮೊದಲನೆಯದಕ್ಕೆ ‘ಹೌದು’ ಎಂಬ ಉತ್ತರ ಸಿಗದ ಊರಿಗೆ ಹೋಗಬಾರದೆಂದೇನಿಲ್ಲ. ಆದರೆ ಅಲ್ಲಿ ಊರನ್ನು ನೋಡಿ ಬರಬಹುದೇ ಹೊರತು ವೈನರಿಯನ್ನೂ ಅದೇ ದಿನಕ್ಕೆ ತುರುಕುವುದು ಜಾಣತನವಲ್ಲ.

ಫ್ಲಾರೆನ್ಸಿನಿಂದ ಸುಲಭವಾಗಿ ಒದಗುವವು

ಹತ್ತಿರದ್ದು ಗ್ರೇವೆ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಕ್ಯಾಂಟಿ ಕ್ಲಾಸಿಕೊ ಎಂಬ ವೈನ್ ಪ್ರದೇಶದೊಳಗೆ ರೈಲು ಹಾಯುವುದಿಲ್ಲ. ಅದು ಪಶ್ಚಿಮದ ಎಲ್ಸಾ ಕಣಿವೆಯಲ್ಲಿ ಸುತ್ತಿಕೊಂಡು ಹೋಗುತ್ತದೆ. ಹಾಗಾಗಿ ಸಾಂಟಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಪಕ್ಕದಲ್ಲಿರುವ ಬಸ್ ನಿಲ್ದಾಣದಿಂದ ಔಟೊಲಿನೀ ಟೊಸ್ಕಾನೆಯ 365ನೇ ಮಾರ್ಗದ ಬಸ್ಸು ಹಿಡಿಯಬೇಕು. 2021ರ ನವೆಂಬರಿನಿಂದ ಟಸ್ಕನಿಯ ಊರೂರಿನ ಬಸ್ಸುಗಳನ್ನು ನಡೆಸುತ್ತಿರುವುದು ಇದೇ ಸಂಸ್ಥೆ. ಸುಮಾರು ಒಂದು ಗಂಟೆಯ ದಾರಿ. ಗ್ರೇವೆಯನ್ನು ಬೆಟ್ಟದೂರು ಎನ್ನುವುದು ಸ್ವಲ್ಪ ಔದಾರ್ಯದ ಮಾತು, ಏಕೆಂದರೆ ಅದು ಕಣಿವೆಯ ಪೇಟೆ. ಮೂರು ಮೂಲೆಯ ಚೌಕ, ಅದರ ಸುತ್ತ ಕಮಾನುಗಳ ಕೆಳಗಿನ ಅಂಗಡಿಗಳು, ನಡುವೆ 1524ರಲ್ಲಿ ಈಗಿನ ನ್ಯೂಯಾರ್ಕಿನ ಬಂದರನ್ನು ಹೊಕ್ಕ ನಾವಿಕ ಜೊವಾನ್ನಿ ದಾ ವೆರಾಜ್ಜಾನೊನ ಪ್ರತಿಮೆ. ನಿಜವಾದ ಬೆಟ್ಟದೂರು ಬೇಕೆಂದರೆ ಅಲ್ಲಿಂದ ಅರ್ಧ ಗಂಟೆಯ ಏರುನಡಿಗೆಯಲ್ಲಿ ಮೊಂಟೆಫಿಯೊರಾಲೆ ಸಿಗುತ್ತದೆ. ಉಂಗುರದಂತೆ ಸುತ್ತುವ ಒಂದೇ ಬೀದಿಯ ಊರು, ಸುತ್ತ ದ್ರಾಕ್ಷಿ ಮತ್ತು ಆಲಿವ್ ತೋಟಗಳು. ದ್ರಾಕ್ಷಿಯ ಸಾಲುಗಳ ನಡುವೆ ನಿಜವಾಗಿ ಕಾಲಿಟ್ಟು ನಡೆಯಬೇಕೆಂಬ ಆಸೆಯಿದ್ದವರಿಗೆ, ಫ್ಲಾರೆನ್ಸಿನಿಂದ ಕಾರಿಲ್ಲದೆ ಹೋಗಬಹುದಾದ ಜಾಗಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ. ಗ್ರೇವೆಗೆ ಮೊದಲೇ ಬರುವ ಗ್ರೇತಿಯಲ್ಲಿ ಇಳಿದು ವೆರಾಜ್ಜಾನೊ ಕೋಟೆಯ ವೈನರಿಗೆ ಹತ್ತಿ ಹೋಗುವವರೂ ಇದ್ದಾರೆ, ಆದರೆ ಅದು ಮಣ್ಣು ಮತ್ತು ಬಿಸಿಲಿನ ಏರು. ಜುಲೈ ತಿಂಗಳಿನ ಮಧ್ಯಾಹ್ನಕ್ಕೆ ಹೇಳಿಸಿದ್ದಲ್ಲ.

ಕ್ಯಾಂಟಿಯ ಬಗ್ಗೆ ಒಂದು ಮಾತು. ಬಾಟಲಿಯ ಕತ್ತಿನ ಮೇಲೆ ಕಪ್ಪು ಹುಂಜದ ಗುರುತಿದ್ದರೆ ಅದು ಕ್ಯಾಂಟಿ ಕ್ಲಾಸಿಕೊ. ಅದರಲ್ಲಿ ಕನಿಷ್ಠ ಶೇಕಡಾ 80ರಷ್ಟು ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು. ಬರೀ ‘ಕ್ಯಾಂಟಿ’ ಎಂದಿದ್ದರೆ ಅದು ಇದಕ್ಕಿಂತ ಬಹಳ ವಿಸ್ತಾರವಾದ, ಟಸ್ಕನಿಯ ಬೇರೆ ಬೇರೆ ಗುಡ್ಡಗಳಲ್ಲಿ ಬೆಳೆದ ವೈನಿನ ಹೆಸರು. ಈ ಹಳೆಯ ಪ್ರದೇಶದ ಎಲ್ಲೆಯನ್ನು ಮೆಡಿಚಿ ಮನೆತನದ ಮೂರನೆಯ ಕೋಸಿಮೊ 1716ರಲ್ಲೇ ಆಜ್ಞೆ ಹೊರಡಿಸಿ ಗೊತ್ತುಮಾಡಿದ್ದ.

ಸಾನ್ ಜಿಮಿನ್ಯಾನೊ ಎಲ್ಲರಿಗೂ ಗೊತ್ತಿರುವ ಊರು. ಹಳೆಯ ಶ್ರೀಮಂತ ಮನೆತನಗಳು ಪೈಪೋಟಿಯಲ್ಲಿ ಎಬ್ಬಿಸಿದ ಗೋಪುರಗಳಲ್ಲಿ 14 ಇಂದಿಗೂ ನಿಂತಿವೆ. ಪೊಜ್ಜಿಬೊನ್ಸಿಯವರೆಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ, ಅಲ್ಲಿ 130ನೇ ಬಸ್ಸು ಹಿಡಿದರೆ ಅರ್ಧ ಗಂಟೆಯೊಳಗೆ ಊರ ದಕ್ಷಿಣದ ಬಾಗಿಲಿನ ಎದುರಿಗೇ ಇಳಿಯಬಹುದು. ಇದರ ಬಿಳಿ ವೈನ್ ವೆರ್ನಾಚ್ಚಾ 1966ರಲ್ಲಿ ಇಟಲಿಯಲ್ಲೇ ಮೊದಲ ಬಾರಿಗೆ ಡಿಒಸಿ ಎಂಬ ಮೂಲಸ್ಥಾನದ ಮಾನ್ಯತೆ ಪಡೆದ ವೈನ್. ಊರಿನ ಮೇಲ್ತುದಿಯ ಹಳೆಯ ಕೋಟೆಯ ಬಳಿ ಅದರ ರುಚಿ ತೋರಿಸುವ ಕೇಂದ್ರವೇ ಇರುವುದರಿಂದ, ಊರಾಚೆಯ ವೈನರಿಗಳ ಚಿಂತೆ ಬಿಟ್ಟು ಗೋಡೆಯೊಳಗೇ ಕೆಲಸ ಮುಗಿಸಬಹುದು. ತೊಡಕೆಂದರೆ ಜನ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಪ್ರವಾಸಿ ಬಸ್ಸುಗಳು ಬಂದು ತುಂಬಿಸುವ ಜನ ಸಂಜೆ ಐದರವರೆಗೂ ಕರಗುವುದಿಲ್ಲ. ಮುಖ್ಯ ಬೀದಿಯಲ್ಲಿ ಹೆಜ್ಜೆ ಹಾಕುವುದು ದಸರಾ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದಂತಾಗುತ್ತದೆ, ಆನೆಯೊಂದಿಲ್ಲ. ಒಂಬತ್ತು ಗಂಟೆಯೊಳಗೆ ತಲುಪುವಂತೆ ಹೊರಟರೆ ಮಾತ್ರ ಇದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಸಿಯೆನಾಗೆ ಬಸ್ಸು ಮತ್ತು ರೈಲು ಎರಡೂ ಇವೆ. ಇಲ್ಲಿ ಬಸ್ಸೇ ಮೇಲು. 131ನೇ ಮಾರ್ಗದ ವೇಗದ ಬಸ್ಸು ಸುಮಾರು ಒಂದೂಕಾಲು ಗಂಟೆಯಲ್ಲಿ ಹಳೆಯ ಊರಿನ ಅಂಚಿಗೇ ಬಿಡುತ್ತದೆ, ರೈಲಾದರೋ ಗುಡ್ಡದ ಬುಡದಲ್ಲಿ ಇಳಿಸಿ, ಎದುರಿನ ವ್ಯಾಪಾರ ಮಳಿಗೆಯೊಳಗಿಂದ ಸಾಲಾಗಿರುವ ಚಲಿಸುವ ಮೆಟ್ಟಿಲುಗಳನ್ನು ಹತ್ತಿಸುತ್ತದೆ. ಆದರೆ ಸಿಯೆನಾ ನೋಡುವ ದಿನ ಸಿಯೆನಾಗೇ ಸಾಲದು. ವೈನನ್ನು ಅಲ್ಲಿ ಊಟದ ಜೊತೆಗಿನ ಒಂದು ಲೋಟಕ್ಕೆ ಬಿಟ್ಟುಬಿಡುವುದು ಲೇಸು.

ದೂರದವು, ಆದರೆ ವೈನಿಗಾಗಿ ಹೋಗಬೇಕಾದವು

ವೈನೇ ಮುಖ್ಯ ಉದ್ದೇಶವಾಗಿ, ಒಂದು ದಿನ ಮಾತ್ರ ಕೈಯಲ್ಲಿರುವವರಿಗೆ ಮೊಂಟೆಪುಲ್ಚಾನೊಗಿಂತ ಒಳ್ಳೆಯ ಊರನ್ನು ನಾನು ಹೇಳಲಾರೆ. ಫ್ಲಾರೆನ್ಸಿನಿಂದ ಕಿಯೂಸಿಯವರೆಗೆ ರೈಲು, ಅಲ್ಲಿಂದ ಮುಕ್ಕಾಲು ಗಂಟೆಗೂ ಹೆಚ್ಚು ಕಾಲದ ಬಸ್ಸು. ಹೋಗುವುದಕ್ಕೇ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ, ಎಂದರೆ ಬೆಳಿಗ್ಗೆ ಏಳರ ಸುಮಾರಿಗೆ ಹೊರಡಬೇಕು. ಇಷ್ಟು ಕಷ್ಟಕ್ಕೆ ಸಿಗುವ ಫಲವೇನೆಂದರೆ, ಇಲ್ಲಿನ ಹಳೆಯ ವೈನ್ ಮನೆತನಗಳ ನೆಲಮಾಳಿಗೆಗಳು ಊರಿನೊಳಗೇ, ಅರಮನೆಗಳ ಅಡಿಯಲ್ಲೇ ಇವೆ. ಬಸ್ಸು ಇಳಿದು, ಪೋರ್ಟಾ ಅಲ್ ಪ್ರಾಟೊ ಎಂಬ ಕೆಳಬಾಗಿಲಿನಿಂದ ಒಂದೇ ಸಮನೆ ಏರುವ ಬೀದಿಯಲ್ಲಿ ಸಾಗಿದರೆ ತುದಿಯಲ್ಲಿ ಪಿಯಾಜ್ಜಾ ಗ್ರಾಂದೆ ಸಿಗುತ್ತದೆ. ಮಂಡಿನೋವಿನವರಿಗೆ ಅಲ್ಲಿಯವರೆಗೆ ಪುಟ್ಟ ಊರಬಸ್ಸೂ ಉಂಟು. ಆ ಚೌಕದಲ್ಲೇ ಕೊಂಟುಚ್ಚಿ ಮನೆತನದ ಅರಮನೆಯ ಕೆಳಗೆ ಅವರ ವೈನ್ ಮಾಗುತ್ತದೆ. ಬೀದಿಯಲ್ಲಿರುವ ಬಾಗಿಲು ಸಾಮಾನ್ಯ ಅಂಗಡಿಯ ಬಾಗಿಲಿನಂತಿರುತ್ತದೆ. ಒಳಗೆ ಇಟ್ಟಿಗೆಯ ಕಮಾನಿನ ಕೆಳಗೆ ಮೆಟ್ಟಿಲಿಳಿಯುತ್ತ ಹೋದಂತೆ ಬೆನ್ನಿನ ಬೆವರು ಆರುತ್ತದೆ, ಒದ್ದೆ ಮರ ಮತ್ತು ಹುಳಿಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಕೆಂಪು ಪಟ್ಟಿ ಬಳಿದ, ಆಳೆತ್ತರವನ್ನೂ ಮೀರಿದ ಓಕ್ ಪೀಪಾಯಿಗಳ ನಡುವಿನ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಬಳಗದಲ್ಲಿ ಕುಡಿಯದವರಿದ್ದರೂ ಇದನ್ನು ನೋಡಿದ್ದಕ್ಕೆ ಅವರು ಬೇಸರಪಡುವುದಿಲ್ಲ, ಮತ್ತು ನಮ್ಮ ಕುಟುಂಬಗಳ ಪ್ರವಾಸದಲ್ಲಿ ಇದು ಸಣ್ಣ ಲಾಭವಲ್ಲ. ಊರಾಚೆಯ ತೋಟದ ವೈನರಿಯಲ್ಲಾದರೆ ಒಬ್ಬರು ನಾಲ್ಕು ಲೋಟ ಮುಗಿಸುವವರೆಗೆ ಉಳಿದವರು ಅಂಗಳದ ಬೆಕ್ಕನ್ನು ನೋಡುತ್ತ ಕೂರಬೇಕು.

ಇಲ್ಲಿನ ವೈನಿನ ಹೆಸರು ವೀನೊ ನೋಬಿಲೆ ದಿ ಮೊಂಟೆಪುಲ್ಚಾನೊ. ಮುಖ್ಯವಾಗಿ ಸಾಂಜೊವೇಸೆಯಿಂದ ಮಾಡಿದ್ದು, ಆ ದ್ರಾಕ್ಷಿಯನ್ನು ಇಲ್ಲಿಯವರು ಪ್ರುನ್ಯೋಲೊ ಜೆಂತೀಲೆ ಎನ್ನುತ್ತಾರೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ‘ಮೊಂಟೆಪುಲ್ಚಾನೊ ದಬ್ರುಜ್ಜೊ’ ಇದಲ್ಲ. ಅದು ಅಬ್ರುಜ್ಜೊ ಪ್ರಾಂತ್ಯದಲ್ಲಿ ಮೊಂಟೆಪುಲ್ಚಾನೊ ಎಂಬ ಹೆಸರಿನ ಬೇರೆಯೇ ದ್ರಾಕ್ಷಿಯಿಂದ ಮಾಡುವ ವೈನ್, ಈ ಊರಿಗೂ ಅದಕ್ಕೂ ಸಂಬಂಧವಿಲ್ಲ.

ಮೊಂಟಾಲ್ಚಿನೊ ಇದರ ಪ್ರತಿಸ್ಪರ್ಧಿ. ಬ್ರುನೆಲ್ಲೊ ಎಂಬ ಅದರ ವೈನನ್ನು ಪೂರ್ತಿ ಸಾಂಜೊವೇಸೆಯಿಂದಲೇ ಮಾಡಬೇಕು, ಸುಗ್ಗಿಯ ನಂತರದ ಐದನೆಯ ವರ್ಷದ ಜನವರಿ 1ಕ್ಕಿಂತ ಮೊದಲು ಮಾರುವಂತಿಲ್ಲ. ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ವೈನಿನ ಹಿರಿಮೆಯಲ್ಲಿ ಇದು ಮೇಲೆ ಎನ್ನುವವರೇ ಹೆಚ್ಚು. ಆದರೆ ಕಾರಿಲ್ಲದವನ ತಕ್ಕಡಿಯಲ್ಲಿ ಇದು ಕೆಳಗಿಳಿಯುತ್ತದೆ: ಫ್ಲಾರೆನ್ಸಿನಿಂದ ನೇರವಾಗಿ ಹೋಗಲಾಗದು, ಸಿಯೆನಾದಿಂದ 114ನೇ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ದಾರಿ, ಹೆಸರಾಂತ ವೈನರಿಗಳೆಲ್ಲ ಊರಿನಿಂದ ಹಲವು ಕಿಲೋಮೀಟರ್ ಆಚೆ ಗುಡ್ಡಗಳಲ್ಲಿ ಚದುರಿಕೊಂಡಿವೆ. ಊರಿನೊಳಗೆ 1361ರ ಕೋಟೆಯಲ್ಲಿರುವ ವೈನ್ ಅಂಗಡಿಯಲ್ಲಿ ಬೇರೆ ಬೇರೆ ತಯಾರಕರ ಬ್ರುನೆಲ್ಲೊ ಲೋಟದ ಲೆಕ್ಕದಲ್ಲಿ ಸಿಗುತ್ತದೆ. ಒಬ್ಬನೇ ತಯಾರಕನ ತೋಟ ನೋಡುವ ಬದಲು ನಾಲ್ವರ ವೈನನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೇ ಇಷ್ಟವಿದ್ದರೆ ಇದೂ ಸೊಗಸೇ. ನನ್ನ ಸಲಹೆ ಇಷ್ಟು: ಸಿಯೆನಾದಲ್ಲಿ ಎರಡು ರಾತ್ರಿಯಾದರೂ ತಂಗಿದ್ದರೆ ಮಾತ್ರ ಮೊಂಟಾಲ್ಚಿನೊ. ಸಿಯೆನಾದಲ್ಲಿ ತಂಗಿದವರಿಗೆ ಪಿಯೆಂಜಾ ಮೂಲಕ ಮೊಂಟೆಪುಲ್ಚಾನೊಗೆ ಹೋಗುವ 112ನೇ ಬಸ್ಸೂ ಇದೆ. ಮಧ್ಯೆ ಪಿಯೆಂಜಾದಲ್ಲಿ ಇಳಿದು, ಆ ಊರಿನ ಹೆಸರಾದ ಕುರಿಹಾಲಿನ ಪೆಕೊರೀನೊ ಚೀಸನ್ನು ಕಟ್ಟಿಸಿಕೊಂಡು, ಮುಂದಿನ ಬಸ್ಸು ಹತ್ತಬಹುದು.

ರೈಲಿನಲ್ಲೇ ಎಲ್ಲ ಮುಗಿಯಬೇಕು, ಬಸ್ಸಿನ ಸಹವಾಸವೇ ಬೇಡ ಎನ್ನುವವರಿಗೆ ಟಸ್ಕನಿಯ ಗಡಿ ದಾಟಿ ಉಂಬ್ರಿಯಾದ ಒರ್ವಿಯೆಟೊ. ರೋಮ್–ಫ್ಲಾರೆನ್ಸ್ ಹಳೆಯ ಮಾರ್ಗದಲ್ಲೇ ಇರುವುದರಿಂದ ಎರಡೂ ಕಡೆಯಿಂದ ನೇರ ರೈಲುಗಳಿವೆ. ಫ್ಲಾರೆನ್ಸಿನಿಂದ ಎರಡು ಗಂಟೆಗೂ ಸ್ವಲ್ಪ ಹೆಚ್ಚು, ರೋಮಿನಿಂದ ಸುಮಾರು ಒಂದೂಕಾಲು ಗಂಟೆ. ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ ಹಗ್ಗದ ರೈಲು ಕಾಯುತ್ತಿರುತ್ತದೆ. 1888ರಲ್ಲಿ ನೀರಿನ ಭಾರದಿಂದ ಓಡಲು ತೊಡಗಿ, ನಡುವೆ ನಿಂತುಹೋಗಿ, 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಶುರುವಾದ ಈ ಗಾಡಿ ಕೆಲವೇ ನಿಮಿಷಗಳಲ್ಲಿ ಬಂಡೆಯ ನೆತ್ತಿಗೆ ಒಯ್ಯುತ್ತದೆ. ಊರು ಕುಳಿತಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಮೆದುಕಲ್ಲಿನ ಮೇಲೆ; ಅದನ್ನು ರೋಮನ್ನರಿಗೂ ಹಿಂದಿನ ಎಟ್ರುಸ್ಕನ್ ಜನರ ಕಾಲದಿಂದಲೂ ಕೊರೆದು ಬಾವಿ, ಗವಿ, ನೆಲಮಾಳಿಗೆ ಮಾಡಿದ್ದಾರೆ, ವೈನನ್ನೂ ಅದೇ ತಂಪಿನಲ್ಲಿಟ್ಟಿದ್ದಾರೆ. ಒರ್ವಿಯೆಟೊ ಬಿಳಿ ವೈನ್ ಹಗುರ, ಬೆಲೆಯೂ ಹಗುರ. ಕೆಂಪು ವೈನಿನ ಗಾಂಭೀರ್ಯ ಬಯಸುವವರಿಗೆ ಸಪ್ಪೆ ಎನಿಸಬಹುದು. ಹಿರಿಯರು ಜೊತೆಗಿದ್ದರೆ, ಅಥವಾ ವೇಳಾಪಟ್ಟಿಯ ಆತಂಕ ಬೇಡವೆನಿಸಿದರೆ, ಬೇರೆ ಯೋಚನೆಯಿಲ್ಲದೆ ಇದನ್ನೇ ಆರಿಸಬಹುದು.

ಕೊರ್ಟೋನಾ ಚೆಲುವಾದ ಊರು. ಕಮೂಚಾದಿಂದ ಬಸ್ಸು ಹೊಂದಿಕೊಂಡರೆ ದಿನ ಸರಾಗ. ವೈನಿಗಾಗಿ ಮಾತ್ರ ಅಲ್ಲಿಗೆ ಹೋಗಬೇಕಿಲ್ಲ.

ವೇಳಾಪಟ್ಟಿಯ ಸಣ್ಣ ಅಕ್ಷರಗಳು

ಇನ್ನು ನಿಜವಾದ ಮುಳ್ಳು. ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಹಾಳೆಯಲ್ಲಿ ಮೂರು ಪದಗಳನ್ನು ಹುಡುಕಬೇಕು. ‘ಫೆರಿಯಾಲೆ’ ಎಂದರೆ ಕೆಲಸದ ದಿನ, ಶನಿವಾರವೂ ಸೇರಿ. ‘ಫೆಸ್ತೀವೊ’ ಎಂದರೆ ಭಾನುವಾರ ಮತ್ತು ಸರ್ಕಾರಿ ರಜೆ. ‘ಸ್ಕೊಲಾಸ್ತಿಕೊ’ ಎಂದರೆ ಶಾಲೆ ನಡೆಯುವ ದಿನ ಮಾತ್ರ. ಈ ಬಸ್ಸುಗಳು ನಮಗಾಗಿ ಓಡುವುದಿಲ್ಲ, ಶಾಲೆಯ ಮಕ್ಕಳಿಗೂ ಕೆಲಸಕ್ಕೆ ಹೋಗುವವರಿಗೂ ಓಡುತ್ತವೆ. ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ ಶಾಲೆಗೆ ರಜೆಯಾದಾಗ, ಅಂದರೆ ಪ್ರವಾಸಿಗರು ಅತಿ ಹೆಚ್ಚು ಬರುವ ತಿಂಗಳುಗಳಲ್ಲಿ, ಹಾಳೆಯ ಮೇಲಿನ ಎಷ್ಟೋ ಬಸ್ಸುಗಳು ಇಲ್ಲವಾಗುತ್ತವೆ. ನಾನೊಮ್ಮೆ ಸಂಜೆ ಐದೂವರೆಯ ಬಸ್ಸನ್ನು ನಂಬಿ ಆರೂಕಾಲರವರೆಗೆ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. ಎದುರಿನ ಮನೆಯ ಅಜ್ಜಿ ಕಿಟಕಿಯಿಂದ ಬಗ್ಗಿ ನೋಡಿ ಒಳಹೋಗಿ, ಎರಡನೆಯ ಸಲ ಹೊರಬಂದಾಗ ತಲೆಯಾಡಿಸಿ ‘ಸ್ಕುವೋಲಾ’ ಎಂದು ಒಂದೇ ಪದ ಹೇಳಿದರು: ಶಾಲೆ. ಆಗ ಎದ್ದು ಹೋಗಿ ಹಾಳೆ ನೋಡಿದರೆ, ಐದೂವರೆಯ ಅಂಕಿಯ ಮೇಲೆ ಇರುವೆಯಷ್ಟು ದೊಡ್ಡ ‘ಎಸ್’ ಇತ್ತು. ತಪ್ಪು ನನ್ನದೇ.

ಆದ್ದರಿಂದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹೆಣೆಯಬೇಕು. ಮರಳುವ ಕೊನೆಯ ಬಸ್ಸನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕಿಂತ ಹಿಂದಿನ ಬಸ್ಸನ್ನು ‘ನಮ್ಮ ಬಸ್ಸು’ ಎಂದು ಭಾವಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ವೈನರಿಯ ಸಮಯ ಕಾಯ್ದಿರಿಸಬೇಕು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸಣ್ಣ ನೆಲಮಾಳಿಗೆಗಳು ಬಾಗಿಲು ಹಾಕುವುದುಂಟು. ಹನ್ನೊಂದು ಗಂಟೆಯ ರುಚಿ ನೋಡುವಿಕೆ, ಆಮೇಲೆ ನಿಧಾನದ ಊಟ, ಆಮೇಲೆ ಊರು ಎಂಬ ಕ್ರಮ ಎಲ್ಲ ಕಡೆಯೂ ಒಗ್ಗುತ್ತದೆ. ಸಸ್ಯಾಹಾರಿಗಳಿಗೆ ದಕ್ಷಿಣ ಟಸ್ಕನಿಯಲ್ಲಿ ‘ಪೀಚಿ ಅಲ್ಲಾಲ್ಯೋನೆ’ ಸಿಗುತ್ತದೆ: ಕೈಯಲ್ಲಿ ಹೊಸೆದ ದಪ್ಪ ಶಾವಿಗೆಗೆ ಟೊಮೆಟೊ ಮತ್ತು ದೊಡ್ಡ ಬೆಳ್ಳುಳ್ಳಿಯ ಗೊಜ್ಜು. ಬ್ರೆಡ್ಡಿಗೆ ಉಪ್ಪಿಲ್ಲವೆಂದು ಅಡುಗೆಯವರನ್ನು ದೂರಬಾರದು, ಅಲ್ಲಿನ ರೂಢಿಯೇ ಹಾಗೆ. ಭಾನುವಾರವನ್ನು ಒರ್ವಿಯೆಟೊಗೆ ಇಟ್ಟುಕೊಂಡು, ಬಸ್ಸಿನ ಊರುಗಳನ್ನು ವಾರದ ದಿನಕ್ಕೆ ಹಾಕಿಕೊಳ್ಳಬೇಕು. ಬಸ್ ಟಿಕೆಟ್ಟನ್ನು ತಂಬಾಕಿನ ಅಂಗಡಿಯಲ್ಲಿ ಹೋಗುವಾಗಲೇ ಎರಡೂ ಕಡೆಗೆ ಕೊಂಡಿಡಬೇಕು, ಏಕೆಂದರೆ ಸಣ್ಣ ಊರಿನ ಅಂಗಡಿ ಮಧ್ಯಾಹ್ನ ಮುಚ್ಚಿರಬಹುದು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ತೆರಬೇಕು. ಮುಷ್ಕರ ಘೋಷಣೆಯಾದ ವಾರದ ದಿನಗಳಲ್ಲೂ ಪ್ರಾದೇಶಿಕ ರೈಲುಗಳ ಅಗತ್ಯ ಸೇವೆ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಇರುತ್ತದೆ, ಆ ದಿನ ಮೊಂಟೆಪುಲ್ಚಾನೊದ ಆಸೆ ಬಿಟ್ಟು ಹತ್ತಿರದಲ್ಲೇ ಇರಬೇಕು.

ಹಣ ಕೊಟ್ಟು ಒಂದು ದಿನದ ಗುಂಪು ಪ್ರವಾಸದ ಬಸ್ಸಿನಲ್ಲಿ ಹೋಗುವುದನ್ನು ಕೀಳಾಗಿ ಕಾಣಬೇಕಿಲ್ಲ. ಊರಾಚೆಯ ವೈನರಿಯನ್ನೇ ನೋಡಬೇಕು, ಇಟಾಲಿಯನ್ ಬಾರದು, ಒಂದೇ ದಿನವಿದೆ ಎನ್ನುವವರಿಗೆ ಅದೇ ಸರಿ. ಆದರೆ ಒಂದೇ ದಿನದಲ್ಲಿ ಸಿಯೆನಾ, ಸಾನ್ ಜಿಮಿನ್ಯಾನೊ, ಪೀಸಾ ಮತ್ತು ಒಂದು ವೈನರಿ ಎಂದು ಬರೆದಿರುವ ಪ್ರವಾಸದಲ್ಲಿ ಜನ ಹೆಚ್ಚು ನೋಡುವುದು ಮುಂದಿನ ಸೀಟಿನ ಬೆನ್ನನ್ನು. ಎರಡಕ್ಕಿಂತ ಹೆಚ್ಚು ನಿಲುಗಡೆಯಿಲ್ಲದ್ದನ್ನು ಹುಡುಕಬೇಕು. ನಾಲ್ವರಿದ್ದರೆ ಗ್ರೇವೆವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ವೈನರಿಗೆ ಮಾತ್ರ ಟ್ಯಾಕ್ಸಿ ಮಾಡಿಕೊಳ್ಳುವುದು ಇನ್ನೂ ಮೇಲು. ಆದರೆ ಸಣ್ಣ ಊರುಗಳಲ್ಲಿ ಟ್ಯಾಕ್ಸಿ ರಸ್ತೆಯಲ್ಲಿ ಕೈಯೆತ್ತಿದರೆ ನಿಲ್ಲುವಂಥದ್ದಲ್ಲ, ಹಿಂದಿನ ದಿನವೇ ಫೋನ್ ಮಾಡಿ ಹೇಳಿರಬೇಕು. ವೈನರಿಗೆ ಸಮಯ ಕಾಯ್ದಿರಿಸುವಾಗ ಕಾರಿಲ್ಲದೆ ಬರುತ್ತಿದ್ದೇವೆ ಎಂದು ಬರೆದರೆ, ಬಸ್ ನಿಲ್ದಾಣದಿಂದ ಕರೆದೊಯ್ಯುವವರೂ ಸಿಗುತ್ತಾರೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಕೊನೆಯದಾಗಿ ಬಾಟಲಿಗಳ ಲೆಕ್ಕ. ಭಾರತಕ್ಕೆ ಮರಳುವ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಅವನ್ನು ಕೊಳ್ಳುವುದಾದರೆ ಮರಳುವ ಬಸ್ಸಿಗೆ ಇಳಿಯುವ ಮುನ್ನ ಕೊಳ್ಳಬೇಕು, ಬೆಳಿಗ್ಗೆ ಕೊಂಡು ಬೆನ್ನಿಗೆ ಹಾಕಿಕೊಂಡರೆ ಮೊಂಟೆಪುಲ್ಚಾನೊದ ಏರಿನಲ್ಲಿ ಎರಡು ಬಾಟಲಿ ನಾಲ್ಕರಷ್ಟು ತೂಗುತ್ತವೆ.